ಕಟ್ಟಿದ್ದು ನಾನು

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಬಸ್ಸಿನಲ್ಲಿ ಕೂತರೂ ಹೊಲಿಗೆ ಮಷಿನ್ನಿನ ಮುಂದೆ ಕೂತ ಹಾಗೆ ಕಾಲು ತುಳಿಯುತ್ತಿರುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಪಾಯಸ ಬರುವಷ್ಟರಲ್ಲಿ ಎದ್ದು ಎರಡು ಸಲ ಅಡುಗೆಮನೆ ಕಡೆ ನೋಡಿ ಬಂದಿರುತ್ತೇನೆ. ಇಂಥವಳ ಕಣ್ಣೆದುರಿಗೆ ಒಬ್ಬ ಗಂಡಸು ಬೆಳಗಿನಿಂದ ಸಂಜೆಯವರೆಗೆ ಸ್ಟೂಲಿನ ಮೇಲೆ ಕದಲದೆ ಕೂತು ರವಿಕೆಗಳಿಗೆ ಹುಕ್ಸು ಹಾಕುತ್ತಿದ್ದರೆ ಹೇಗಾಗಬೇಡ! ಆ ಗಂಡಸು ನನ್ನ ಗಂಡ.

ಹೊಸನಗರದ ಪೇಟೆಯಲ್ಲಿ ನನ್ನದೊಂದು ಟೈಲರ್ ಅಂಗಡಿ ಇದೆ. ಇವರದ್ದು ಮಿನಿ ಲಾರಿ. ಮದುವೆಯಾದಂದಿನಿಂದ ಇವರು ಗಾಡಿ, ನಾನು ಮಷಿನ್ನು, ಇಬ್ಬರ ಪಾಡಿಗೆ ಇಬ್ಬರು ಗಡಗಡ ಅನ್ನಿಸಿಕೊಂಡು ಚೆನ್ನಾಗಿಯೇ ಇದ್ದೆವು. ಎರಡು ಮಳೆಗಾಲದ ಹಿಂದೆ ಇವರು ಮಾಸ್ತಿಕಟ್ಟೆ ಕಡೆಗೆ ಹಿಟ್ಟಿನ ಗಿರಣಿಯ ಯಂತ್ರವೊಂದನ್ನು ಒಯ್ಯುತ್ತಿದ್ದರು. ತಿರುವಿನಲ್ಲಿ ಹಗ್ಗ ಸಡಿಲಾಗಿ ಯಂತ್ರ ಮಗುಚಿ ರಸ್ತೆ ಬದಿಗೆ ಬಿತ್ತು. ಅಲ್ಲಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬರು ಮಳೆ ನಿಂತಿತೆಂದು ಕೊಡೆಯನ್ನು ನೆಲದ ಮೇಲಿಟ್ಟು, ಒದ್ದೆಯಾದ ನೆರಿಗೆ ಹಿಂಡಿಕೊಳ್ಳಲು ಸ್ವಲ್ಪ ಆಚೆಗೆ ಸರಿದಿದ್ದರಂತೆ. ಯಂತ್ರ ಬಿದ್ದದ್ದು ಕೊಡೆಯ ಮೇಲೆ. ಹೆಂಗಸಿಗೆ ಒಂದು ಗೀರೂ ಆಗಲಿಲ್ಲ. ಆದರೆ ಇವರು ಆ ಚಪ್ಪಟೆಯಾದ ಕೊಡೆಯನ್ನು ನೋಡಿದರು. ಅಷ್ಟೇ, ಮುಗಿಯಿತು.

ನೋಡಲು ಬಂದವರೆಲ್ಲ ಸಮಾಧಾನ ಹೇಳಿದರು. "ಹಗ್ಗ ಹಳೇದಾಗಿತ್ತು ಮಾರಾಯ" ಅಂದರು ಒಬ್ಬರು. "ಆ ತಿರುವೇ ಸರಿ ಇಲ್ಲ ಬಿಡು" ಅಂದರು ಇನ್ನೊಬ್ಬರು. ಮಳೆ, ರಸ್ತೆ, ಗ್ರಹಚಾರ, ಎಲ್ಲದರ ಮೇಲೂ ತಪ್ಪು ಹೊರಿಸಿ ನೋಡಿದ್ದಾಯಿತು. ಇವರು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಹೇಳುತ್ತಿದ್ದರು: "ಕಟ್ಟಿದ್ದು ನಾನು." ತಗ್ಗಿದ ದನಿ, ನೆಲ ನೋಡುವ ಕಣ್ಣು. ಆಮೇಲೆ ಲಾರಿಗೆ ಟಾರ್ಪಾಲು ಹೊದಿಸಿ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಆಗೊಮ್ಮೆ ಈಗೊಮ್ಮೆ ಟಾರ್ಪಾಲು ತೆಗೆದು ಎಂಜಿನ್ ಓಡಿಸಿ ಇಡುತ್ತಿದ್ದರು, ಪೇಪರುಗಳನ್ನೂ ಸರಿಯಾಗಿಟ್ಟುಕೊಂಡಿದ್ದರು. ಆದರೆ ಹೊರೆ ಹೇರುವುದಿಲ್ಲ, ಹಗ್ಗ ಮುಟ್ಟುವುದಿಲ್ಲ. ಮನೆಯಲ್ಲಿ ಬಟ್ಟೆ ಒಣಗಿಸುವ ಹಗ್ಗ ಕಳಚಿ ಬಿದ್ದರೆ ಅದನ್ನೂ ನನ್ನ ಕೈಯಲ್ಲೇ ಕಟ್ಟಿಸುತ್ತಿದ್ದರು.

ಹುಕ್ಸು ಮಾತ್ರ ಎಷ್ಟು ಚೆಂದ ಹಾಕುತ್ತಿದ್ದರು ಅಂತೀರಿ! ಗಿರಾಕಿಗಳು ಹೊಗಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಲಾರಿಯ ಸ್ಟೀರಿಂಗ್ ಹಿಡಿದು ಗಟ್ಟಿಯಾದ ಆ ದಪ್ಪ ಬೆರಳುಗಳು ಸೂಜಿ ಹಿಡಿದು ಆಡುವುದನ್ನು ನೋಡುತ್ತ, ಈ ಮನುಷ್ಯ ಇನ್ನು ಇಲ್ಲಿಂದ ಏಳುವುದೇ ಇಲ್ಲವೇನೋ ಎಂದು ನನಗೆ ಹೆದರಿಕೆಯಾಗುತ್ತಿತ್ತು. ಹೆದರಿಕೆಯಾದಾಗ ನಾನು ಬೈಯುತ್ತೇನೆ, ಅದು ನನ್ನ ಸ್ವಭಾವ. ಬೈದರೆ ಇವರು ಕನ್ನಡಕ ಸರಿ ಮಾಡಿಕೊಂಡು ಮುಂದಿನ ರವಿಕೆ ಎತ್ತಿಕೊಳ್ಳುತ್ತಿದ್ದರು.

ಹೀಗಿರುವಾಗ, ದೀಪಾವಳಿ ಕಳೆದ ಮೇಲೆ, ಹೆಗ್ಗೋಡಿನ ಕಡೆಯ ಇವರ ಹಳೆಯ ಗೆಳೆಯರೊಬ್ಬರು ನನಗೆ ಫೋನ್ ಮಾಡಿದರು. ನಾಟಕದವರ ಸಾಮಾನು ಸಾಗಿಸಲೆಂದು ಲಾರಿಯ ಹಿಂದೆ ಸಿಕ್ಕಿಸುವ ಮುಚ್ಚಿದ ಟ್ರೈಲರ್ ಒಂದನ್ನು ಅವರು ಮಾಡಿಸಿಟ್ಟಿದ್ದರು. ತೀರ್ಥಹಳ್ಳಿ ಹತ್ತಿರದ ಒಂದು ಮನೆಯಿಂದ ಒಂದು ಕಾರನ್ನು ಸಾಗರಕ್ಕೆ ತರಬೇಕಂತೆ. ಗೆಳೆಯರಿಗೆ ಸೊಂಟ ಹಿಡಿದು ಏಳಲಾಗುತ್ತಿಲ್ಲ. "ಅವನಿಗೆ ಮಾಡಿದ್ರೆ ಆಗಲ್ಲ ಅಂತಾನೆ. ಅದ್ಕೇ ನಿಮಗೆ ಮಾಡ್ದೆ. ಎಂತ ಅಂತೀರಿ?" ಅಂದರು. ನಾನು ಇವರ ಮುಖ ಕೂಡ ನೋಡದೆ "ಆಯ್ತು, ಬರ್ತಾರೆ" ಅಂದುಬಿಟ್ಟೆ.

ಇವರು ಹುಕ್ಸಿನ ಡಬ್ಬಿಯ ಮುಚ್ಚಳ ಹಾಕಿ ನನ್ನನ್ನೇ ನೋಡಿದರು.

"ನಾ ಓಡಿಸ್ತೀನಿ. ಕಟ್ಟೂದು ಬೇರೆ ಯಾರಾದ್ರೂ ಮಾಡ್ಲಿ."

"ಆಯ್ತು ಮಾರಾಯ್ರೆ, ಮೊದ್ಲು ಎದ್ದೇಳಿ!" ಅಂದೆ. ಅವರು ಎದ್ದರು. ಅಷ್ಟೇ ಸಾಕಾಗಿತ್ತು ನನಗೆ ಅವತ್ತಿಗೆ.

ಕಾರೆಂದರೆ ನಾವು ನೋಡಿದಂಥ ಕಾರಲ್ಲ. ಸಾಗರದ ಒಬ್ಬ ಯುವಕನದ್ದು, ಹಳದಿ ಬಣ್ಣದ ಸ್ಪೋರ್ಟ್ಸ್ ಕಾರು. ಅಕ್ಕನ ಮನೆಗೆಂದು ತೀರ್ಥಹಳ್ಳಿ ಕಡೆಗೆ ತಂದಿದ್ದಾನೆ, ಹಳ್ಳಿರಸ್ತೆಯ ಉಬ್ಬಿಗೆ, ಅದೇ ಹಂಪಿಗೆ, ಅದರ ಹೊಟ್ಟೆ ಬಡಿದು ಅಡಿಯ ಆಯಿಲ್ ಚೇಂಬರು ಒಡೆದಿದೆ. ಕೆಟ್ಟ ಗಾಡಿ ಎಳೆದೊಯ್ಯುವ ಟೋಯಿಂಗ್‌ನವರು ಬಂದು, ಬಗ್ಗಿ ನೋಡಿ, "ಇದರ ಮೂತಿ ನಮ್ಮ ಗಾಡಿಗೆ ತಗಲ್ತದೆ, ಆಗಲ್ಲ" ಎಂದು ಹೋಗಿದ್ದಾರೆ. ಪೇಂಟಿಗೆ ಒಂದು ಗೀರು ಬೀಳಬಾರದು, ಧೂಳು ಕೂರಬಾರದು, ಮೈಗೆ ಹಗ್ಗ ತಾಗಬಾರದು. ಹಾಗಾಗಿ ಮುಚ್ಚಿದ ಟ್ರೈಲರೇ ಆಗಬೇಕು. ಯುವಕ ಟೈರುಗಳನ್ನು ಬಿಗಿಯುವ ಬೆಲ್ಟುಗಳನ್ನು ಮೊದಲೇ ಕಳಿಸಿಕೊಟ್ಟಿದ್ದ. ಹಿಡಿಯನ್ನು ಹಿಂದೆ ಮುಂದೆ ಆಡಿಸಿದರೆ ಕಟಕಟ ಎಂದು ಬಿಗಿಯುತ್ತ ಹೋಗುವ ಬೆಲ್ಟುಗಳು. ಅವು ಚಕ್ರದ ಹೊಳಪು ಕೆಡಿಸಬಾರದೆಂದು ನಾನು ಹಳೆಯ ಹೊದಿಕೆಯೊಂದನ್ನು ಕತ್ತರಿಸಿ ಒಂದೊಂದಕ್ಕೂ ಚೀಲದಂಥ ಹೊದಿಕೆ ಹೊಲಿದೆ. ಎರಡು ಸಲ ಬಿಚ್ಚಿ ಮತ್ತೆ ಹೊಲಿದೆ ಅನ್ನುವುದನ್ನು ಇವರಿಗೆ ಹೇಳಲಿಲ್ಲ.

ಟ್ರೈಲರನ್ನು ಗೆಳೆಯರ ಕಡೆಯವರು ಹಿಂದಿನ ದಿನವೇ ನಮ್ಮ ಮನೆಗೆ ತಂದು ಬಿಟ್ಟಿದ್ದರು. ಹೊರಡುವ ದಿನ ಬೆಳಗ್ಗೆ ನನ್ನತ್ತೆ ಸೀರೆ ಉಟ್ಟು, ಚಪ್ಪಲಿ ಹಾಕಿ, ಲಾರಿಯ ಬಾಗಿಲ ಹತ್ತಿರ ನಿಂತಿದ್ದರು. ಕೈಯಲ್ಲೊಂದು ಚೀಲ.

"ನೀವೆಲ್ಲಿಗೆ?" ಅಂದೆ.

"ನನ್ನ ಮಗ ಎರಡು ಮಳೆಗಾಲ ಕಳೆದ ಮೇಲೆ ಗಾಡಿ ಹೊರಡಿಸ್ತಿದಾನೆ. ನಾ ಮನೇಲಿ ಕೂತು ಹಪ್ಪಳ ಒಣಗಿಸ್ಲಾ? ಸರಿ ಅತ್ಲಾಗೆ" ಎಂದು ನನ್ನನ್ನೇ ತಳ್ಳಿಕೊಂಡು ಹತ್ತಿ ನಡುವೆ ಕೂತರು. ಚೀಲದಲ್ಲಿ ಹಿತ್ತಲ ಗಿಡದ ನಿಂಬೆಹಣ್ಣು ತುಂಬಿತ್ತು. ಹಸಿರು ಮಾಸದ, ಕಲ್ಲಿನಷ್ಟು ಗಟ್ಟಿಯಾದವು. ಒಂದನ್ನು ತೆಗೆದು ಲಾರಿಯ ಮುಂದಿನ ಚಕ್ರದಡಿ ಇಡಿಸಿ, ಇವರ ಕೈಯಲ್ಲಿ ಗಾಡಿ ಮುಂದೆ ಹಾಯಿಸಿದರು. ಚಿಟ್ ಎಂದು ಒಡೆಯಿತು. ಅತ್ತೆಯ ಮುಖ ಅರಳಿತು.

"ಹೊಸ ಪ್ರಯಾಣಕ್ಕೆ ನಿಂಬೆಹಣ್ಣು ಒಡೀಲೇಬೇಕು ನೋಡು" ಅಂದರು.

"ಒಂದಕ್ಕೆ ಇಷ್ಟೊಂದು ಎಂತಕ್ಕೆ ತಂದ್ರಿ?" ಅಂದೆ.

"ಇರ್ಲಿ ಬಿಡೆ, ನಿಂಗೆ ಎಲ್ಲದ್ದಕ್ಕೂ ಲೆಕ್ಕ ಬೇಕು" ಅಂದು ಚೀಲವನ್ನು ಮಡಿಲಿಗೆಳೆದುಕೊಂಡರು.

ತೀರ್ಥಹಳ್ಳಿ ಹತ್ತಿರದ ಆ ಮನೆಯಲ್ಲಿ ಯುವಕ ಕಾಯುತ್ತಿದ್ದ. ಬಹಳ ಮರ್ಯಾದೆಯ ಹುಡುಗ. ಮೂವತ್ತು ದಾಟಿರಬೇಕು, ಆದರೂ ಕಾರಿನ ಸುತ್ತ ಸುಳಿದಾಡುತ್ತಿದ್ದ ರೀತಿ ನೋಡಿದರೆ ಹೆರಿಗೆ ಆಸ್ಪತ್ರೆಯ ಹೊರಗೆ ನಿಂತ ಗಂಡನ ಹಾಗಿದ್ದ. ಕಾರನ್ನು ನೋಡಿ ನನಗೆ ನಗು ಬಂತು. ನನ್ನ ಮೊಣಕಾಲಿನಿಂದ ಸ್ವಲ್ಪ ಮೇಲಕ್ಕೆ ಬರುವಷ್ಟು ಎತ್ತರದ ಮೂತಿ, ಅಡಿಯಲ್ಲಿ ಬೆಕ್ಕು ನುಸುಳಲೂ ಜಾಗವಿಲ್ಲ. ಇದರೊಳಗೆ ಮನುಷ್ಯರು ಕೂರುತ್ತಾರೋ ಮಲಗುತ್ತಾರೋ!

ಟ್ರೈಲರಿನ ಇಳಿಜಾರು ಹಲಗೆಗಳನ್ನು ಹಾಕಿ ನೋಡಿದರು. ಕಾರಿನ ಮೂತಿ ಹಲಗೆಗೆ ಮುಟ್ಟಿಯೇ ಬಿಟ್ಟಿತು. ಯುವಕ "ಅಣ್ಣ, ಅಣ್ಣ, ಬೇಡ ಬೇಡ" ಎಂದು ಕೂಗಿದ. ಇವರು ರಸ್ತೆಯವರೆಗೆ ನಡೆದು ಹೋಗಿ ಅತ್ತ ಇತ್ತ ನೋಡಿ ಬಂದರು. ಅಂಗಳ ರಸ್ತೆಗಿಂತ ಎತ್ತರದಲ್ಲಿತ್ತು, ಅಂಚಿನಲ್ಲಿ ಗೋಡೆಯ ಹಾಗೆ ಕಡಿದ ಮಣ್ಣಿನ ದರೆ ಇತ್ತು. ಲಾರಿಯನ್ನು ಕೆಳಗಿನ ರಸ್ತೆಗೆ ಒಯ್ದು, ಟ್ರೈಲರಿನ ಹಿಂಬದಿಯನ್ನು ಆ ದರೆಗೆ ಆನಿಸಿದರು. ಅಂಗಳ, ಟ್ರೈಲರಿನ ನೆಲ ಎರಡೂ ಹೆಚ್ಚುಕಡಿಮೆ ಸಮಕ್ಕೆ ಬಂದವು. ನಡುವಿನ ಸಂದಿಗೆ ದಪ್ಪ ಹಲಗೆ ಹಾಸಿದರು. ಮೊದಲೆಲ್ಲ ದಿಮ್ಮಿ ಹೇರುವಾಗ ಹೀಗೆಯೇ ಮಾಡುತ್ತಿದ್ದರಂತೆ. ಯುವಕ ಒಳಗೆ ಕೂತು ಸ್ಟೀರಿಂಗ್ ಹಿಡಿದ, ಮನೆಯವರೆಲ್ಲ ಸೇರಿ ತಳ್ಳಿದರು. ಕಾರು ಬುಳಕ್ಕನೆ ಒಳಗೆ ಹೋಯಿತು. ಕಾರಿನ ಬಾಗಿಲು ತೆರೆಯಲು ಜಾಗವಿರಲಿಲ್ಲ. ಯುವಕ ಹ್ಯಾಂಡ್ ಬ್ರೇಕ್ ಎಳೆದು, ಗೇರಿಗೆ ಹಾಕಿ, ಕಿಟಕಿಯಿಂದ ತಲೆ ಮೊದಲು ಹೊರಗೆ ಬಂದ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಆಮೇಲೆ ಕಟ್ಟುವ ಹೊತ್ತು ಬಂತು. ನನ್ನ ನಗು ಎಲ್ಲಿ ಹೋಯಿತೋ!

"ನೀವೇ ಕಟ್ಟಿ. ನಾನು ಬರೀ ಓಡ್ಸೂದು" ಅಂದರು ಇವರು ಯುವಕನಿಗೆ, ಟ್ರೈಲರಿನ ಬಾಗಿಲ ಹೊರಗೇ ನಿಂತು.

ಅವನು ಒಪ್ಪಿಕೊಂಡು ಒಳಗೆ ನುಗ್ಗಿ, ನೆಲದ ಕಬ್ಬಿಣದ ಬಳೆಗೆ ಬೆಲ್ಟಿನ ಕೊಕ್ಕೆ ಸಿಕ್ಕಿಸಿ, ಟೈರಿನ ಮೇಲೆ ಹಾಯಿಸಿ ಎಳೆದ. ಬೆಲ್ಟು ತಿರುಚಿಕೊಂಡಿತು. ಬಿಚ್ಚಿ ಮತ್ತೆ ಎಳೆದ. ನಾನು ಹೊಲಿದ ಹೊದಿಕೆ ಜಾರಿ ಮೂಲೆಗೆ ಸೇರಿತು. ನಾನು ಇವರನ್ನೇ ನೋಡುತ್ತಿದ್ದೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು, ಬೆರಳುಗಳು ಮಾತ್ರ ಒಂದರೊಳಗೊಂದು ಹೊಸೆದಾಡುತ್ತಿದ್ದವು. ಅಯ್ಯೋ ದೇವರೇ, ಒಳಗೆ ಹೋಗಿ ಅಂತ ನನ್ನ ಹೊಟ್ಟೆಯೆಲ್ಲ ಕೂಗುತ್ತಿತ್ತು. ಬಾಯಿ ಬಿಡಲಿಲ್ಲ. ಜೀವನದಲ್ಲಿ ನಾನು ಅಷ್ಟು ಹೊತ್ತು ಬಾಯಿ ಬಿಡದೆ ನಿಂತದ್ದು ಅದೊಂದೇ ಸಲ ಇರಬೇಕು.

ಮೂರನೇ ಸಲ ಬೆಲ್ಟು ತಿರುಚಿಕೊಂಡಾಗ ಇವರು "ತಡೀರಿ, ತಡೀರಿ" ಅಂದರು. "ಬೆಲ್ಟು ಆಮೇಲೆ. ಮೊದ್ಲು ಬೆಣೆ ಹೊಡೀಬೇಕು." ಒಳಗೆ ಹೋದರು. ಒಂದೊಂದು ಟೈರಿನ ಹಿಂದೆ ಮುಂದೆ ಮರದ ಬೆಣೆಗಳನ್ನು ಆನಿಸಿಟ್ಟರು. ಮೊಳೆ, ಸುತ್ತಿಗೆ ತರಲೆಂದು ಹೊರಬಂದು ಲಾರಿಯ ಕಡೆಗೆ ಹೋದರು. ಯುವಕನೂ ಬೆವರೊರೆಸಿಕೊಳ್ಳುತ್ತ ಅವರ ಹಿಂದೆ ಹೋದ. ನಾನು ದರೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಜಾರಿದ ಹೊದಿಕೆಗೆ ಎರಡು ಹೊಲಿಗೆ ಹಾಕುತ್ತಿದ್ದೆ. ತಲೆಯೆತ್ತಿದಾಗ ಅತ್ತೆ ಟ್ರೈಲರಿನೊಳಗಿಂದ ಬರುತ್ತಿದ್ದರು.

"ಎಂತ ಮಾಡ್ತಿದ್ರಿ ಒಳಗೆ?"

"ಕೈಮುಗಿದು ಬಂದೆ" ಅಂದರು ಅತ್ತೆ, ಮೊಣಕಾಲಿನ ಧೂಳು ಕೊಡವಿಕೊಂಡು.

ಇವರು ಬಂದು ಬೆಣೆಗಳನ್ನೊಮ್ಮೆ ಅಲುಗಿಸಿ ನೋಡಿದರು, ಬಿಗಿಯಾಗಿದ್ದವು. ಕಾರಿನ ಮೈ ಟೈರುಗಳನ್ನು ಅರ್ಧ ಮುಚ್ಚಿತ್ತು, ಒಳಗೆ ಬೆಳಕೂ ಕಡಿಮೆ. ಹೊರಗೆ ಕಾಣುತ್ತಿದ್ದ ಬೆಣೆಯ ತುದಿಗಳಿಗೆ ಮೊಳೆ ಹೊಡೆದರು. ಆಮೇಲೆ ಬೆಲ್ಟು ಹಾಕಿದರು, ಕಟಕಟ ಎಂದು ಬಿಗಿದರು. ಬಿಚ್ಚಿದರು. ಮತ್ತೆ ಬಿಗಿದರು. ಕೈಯಿಂದ ಮೀಟಿ ನೋಡಿದರು, ಇಳಿದು ಬಂದರು, ಇನ್ನೊಮ್ಮೆ ಹತ್ತಿ ಹೋದರು. ಕಾರಿನ ಮೂತಿಗೆ ಪೆಟ್ಟಾಗದಿರಲೆಂದು ಟ್ರೈಲರಿನ ಮುಂದಿನ ಗೋಡೆಗೆ ಆ ಮನೆಯವರ ಹಳೆಯ ಹಾಸಿಗೆ ಒರಗಿಸಿದರು. ಮತ್ತೆ ಬಿಚ್ಚಿದರು.

"ಸಾಕ್ರೀ! ಅದು ಕಾರು, ಕಳ್ಳ ಅಲ್ಲ!" ಎಂದು ನಾನೇ ಕೂಗಿದ ಮೇಲೆ ಬಾಗಿಲು ಹಾಕಿದರು. ಯುವಕ ತಾನು ಮೊದಲೇ ಹೋಗಿ ಮನೆಯಂಗಳ ಸರಿಮಾಡಿಸುತ್ತೇನೆಂದು ಭಾವನ ಬೈಕು ಹತ್ತಿ ಸಾಗರಕ್ಕೆ ಹೊರಟ. ಹೋಗುವಾಗ "ಅಣ್ಣ, ನಿಧಾನ" ಅಂದ. ಆ ಮಾತು ಬೇಡವಿತ್ತು. ಇವರ ಮುಖದಲ್ಲಿದ್ದ ಚೂರುಪಾರು ರಕ್ತವೂ ಇಳಿದು ಹೋಯಿತು.

ಅಲ್ಲಿಂದ ಮುಂದೆ ನಾವು ಪ್ರಯಾಣ ಮಾಡಿದೆವು ಅನ್ನುವುದಕ್ಕಿಂತ ನಿಂತು ನಿಂತು ನೋಡಿದೆವು ಅನ್ನಬಹುದು. ತಿರುವು ಬಂದರೆ ನಿಲ್ಲಿಸಿ, ಇಳಿದು, ಹಿಂದೆ ಹೋಗಿ, ಬಾಗಿಲು ತೆಗೆದು, ಬೆಲ್ಟು ಮೀಟಿ ಬರುವುದು. ಮೋರಿ ದಾಟಿದರೆ ಮತ್ತೆ ಅದೇ. ಹಿಂದೆ ಬಂದ ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿ, ದಾಟುವಾಗ ತಲೆ ಹೊರಗೆ ಹಾಕಿ ಏನೋ ಅಂದು ಹೋದ. ಹತ್ತಿ ಕೂತರೆ ಇವರ ಕಣ್ಣು ರಸ್ತೆಯ ಮೇಲೆ ಇರುತ್ತಿರಲಿಲ್ಲ, ಕನ್ನಡಿಯಲ್ಲಿ ಟ್ರೈಲರನ್ನೇ ನೋಡುತ್ತಿದ್ದರು. ನನ್ನ ಕಾಲು ಇಲ್ಲದ ಮಷಿನ್ನು ತುಳಿಯುತ್ತಿತ್ತು. ಅತ್ತೆ ಒಬ್ಬರೇ ನೆಮ್ಮದಿಯಲ್ಲಿದ್ದರು, ಎಲೆ ಹಾಕಿಕೊಂಡು ದಾರಿಬದಿಯ ಮನೆಗಳ ಹಂಚು, ದನ, ಬೇಲಿ ಎಲ್ಲದರ ಮೇಲೂ ಅಭಿಪ್ರಾಯ ಹೇಳುತ್ತಿದ್ದರು.

"ಅಪ್ಪಿ, ಎಷ್ಟು ಸಲ ನೋಡ್ತಿಯೋ. ನಾ ಹೇಳ್ತೀನಿ ಕೇಳು, ಎಂತದೂ ಆಗಲ್ಲ" ಅಂದರು.

ಇವರು ಮತ್ತೆ ಕನ್ನಡಿ ನೋಡಿದರು.

ಅರ್ಧ ದಾರಿ ಕಳೆದಿರಬೇಕು. ಇಳಿಜಾರು ಇಳಿದ ಕೂಡಲೇ ಒಂದು ಬಸ್‌ಸ್ಟಾಪು, ಅದರ ಮುಂದೊಂದು ಹಂಪು. ಕೊಡೆ ಹಿಡಿದವರು ಯಾರೂ ಇರಲಿಲ್ಲ, ಬಿಸಿಲಿತ್ತು. ಆದರೂ ಬಸ್ಸಿಗೆ ಕಾಯುವ ನಾಲ್ಕು ಜನ ನಿಂತಿದ್ದರು. ಇವರು ಅವರನ್ನು ನೋಡಿದರು, ಹಂಪನ್ನು ನೋಡಿದರು, ಬ್ರೇಕ್ ತುಳಿದರು. ಹಿಂದಿನಿಂದ ದಡ್ ಎಂದಿತು.

ಸಣ್ಣ ಸದ್ದಲ್ಲ ಅದು. ಟ್ರೈಲರು ಲಾರಿಯನ್ನು ಹಿಂದಿನಿಂದ ದೂಡಿದ್ದು ಸೀಟಿನಲ್ಲೇ ಗೊತ್ತಾಯಿತು. ಇವರು ಗಾಡಿಯನ್ನು ಆ ಜನರ ಆಚೆಗೆ ದಾಟಿಸಿ, ಮುಂದೆ ಬಯಲಾಗಿದ್ದ ಕಡೆ ನಿಲ್ಲಿಸಿ, ಎಂಜಿನ್ ಆರಿಸಿದರು. ಇಳಿಯಲಿಲ್ಲ. ಇಷ್ಟು ಹೊತ್ತು ಮಾತುಮಾತಿಗೆ ಇಳಿಯುತ್ತಿದ್ದ ಮನುಷ್ಯ ಈಗ ಸ್ಟೀರಿಂಗ್ ಹಿಡಿದು ಹಾಗೇ ಕೂತರು.

"ಬಿಚ್ಕೊಂತು" ಅಂದರು. "ಮತ್ತೆ ಬಿಚ್ಕೊಂತು."

"ನೋಡದೇ ಎಂತಕ್ಕೆ ಹೇಳ್ತೀರಿ? ಇಳೀರಿ."

"ನಾ ನೋಡಲ್ಲ." ಬೀಗದ ಕೈ ನನ್ನ ಮಡಿಲಿಗೆ ಹಾಕಿದರು. "ನೀನೇ ನೋಡು. ಆ ಹುಡುಗನಿಗೆ ಎಂತ ಹೇಳ್ಬೇಕೋ ಹೇಳು. ನಾ ಇನ್ನು ಗಾಡಿ ಮುಟ್ಟಲ್ಲ ಕಣೆ. ಮಾರಿ ಬಿಡಾಣ."

ಅವರ ದನಿಯಲ್ಲಿ ಸಿಟ್ಟಿದ್ದರೆ ನಾನು ತಿರುಗಿ ಬೈಯುತ್ತಿದ್ದೆ. ಸಿಟ್ಟಿರಲಿಲ್ಲ. ಸ್ಟೂಲಿನ ಮೇಲೆ ಕೂತು "ಈ ರವಿಕೆ ಯಾರದ್ದು" ಎಂದು ಕೇಳುವ ದನಿಯೇ ಇತ್ತು. ಫೋನಿನಲ್ಲಿ ಒಪ್ಪಿಕೊಂಡವಳು ನಾನು, ಎಬ್ಬಿಸಿದವಳು ನಾನು. ಈಗ ಒಳಗೆ ಕಾರು ನಜ್ಜುಗುಜ್ಜಾಗಿದ್ದರೆ ಇವರನ್ನು ಮತ್ತೆ ಎಬ್ಬಿಸಲು ಆ ಬ್ರಹ್ಮನಿಂದಲೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಇಳಿದೆ. ಟ್ರೈಲರಿನ ಉದ್ದಕ್ಕೂ ನಡೆದು ಹಿಂದೆ ಹೋದೆ. ಬೀಗಕ್ಕೆ ಕೀಲಿ ಹಾಕಿದೆ.

ಬಾಗಿಲು ತೆಗೆದೆ. ಘಮ್ಮೆಂದು ನಿಂಬೆಹಣ್ಣಿನ ವಾಸನೆ ಬಂತು.

ಒಂದು ಕ್ಷಣ ನನಗೆ ಏನೂ ತಿಳಿಯಲಿಲ್ಲ. ಕಾರು ನಿಂತಲ್ಲೇ ನಿಂತಿತ್ತು. ಗೋಡೆಗೆ ಒರಗಿಸಿದ ಹಾಸಿಗೆಗೂ ಅದರ ಮೂತಿಗೂ ನಡುವೆ ಜಾಗ ಹಾಗೇ ಇತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಡೆಗೂ ಕಾರಿಗೂ ನಡುವಿನ ಸಂದಿಯಲ್ಲಿ ಅಡ್ಡಡ್ಡ ನುಸುಳಿ, ನೆಲಕ್ಕೆ ಕೆನ್ನೆ ತಾಗಿಸಿ, ಫೋನಿನ ಬೆಳಕು ಬಿಟ್ಟು ನೋಡಿದೆ. ಮುಂದಿನ ಟೈರಿಗೂ ಅದರೆದುರಿನ ಬೆಣೆಗೂ ನಡುವೆ ನಿಂಬೆಹಣ್ಣು. ಅಪ್ಪಚ್ಚಿಯಾಗಿ, ರಸ ಹರಿದು, ಬೀಜ ಚೆಲ್ಲಿಕೊಂಡಿತ್ತು. ಹಿಂದಿನ ಟೈರಿನ ಮುಂದೆಯೂ ಒಂದು. ಆ ಬದಿಯಲ್ಲೂ ಹಾಗೆಯೇ.

ಆಗ ನನಗೆಲ್ಲ ಹೊಳೆಯಿತು. ನಮ್ಮತ್ತೆ ಕೈಮುಗಿದು ಬಂದದ್ದಲ್ಲ. ಇವರು ಸುತ್ತಿಗೆ ತರಲು ಹೋದಾಗ ಟೈರಿನ ಮುಂದಿನ ಬೆಣೆಗಳನ್ನು ಚೂರು ಆಚೆಗೆ ಸರಿಸಿ, ಕಾರಿನ ಎಲ್ಲ ಚಕ್ರಗಳಿಗೂ ಒಂದೊಂದು ನಿಂಬೆಹಣ್ಣು ಇಟ್ಟು ಬಂದಿದ್ದರು. ಇವರು ಬಿಗಿದದ್ದು ಟೈರಿಗೆ ಆನಿಸಿದ ಬೆಣೆಯನ್ನಲ್ಲ, ನಿಂಬೆಹಣ್ಣಿಗೆ ಆನಿಸಿದ ಬೆಣೆಯನ್ನು. ಗಟ್ಟಿ ಹಣ್ಣುಗಳು ಇಷ್ಟು ದೂರ ತಡೆದುಕೊಂಡು, ಹಂಪಿನ ಮುಂದೆ ಬ್ರೇಕ್ ಬಿದ್ದಾಗ ಒಟ್ಟಿಗೆ ಒಡೆದಿದ್ದವು. ಹಣ್ಣಿನ ದಪ್ಪದಷ್ಟು ಜಾಗದಲ್ಲಿ ಕಾರು ಮುಂದಕ್ಕೆ ಹೊರಳಿ ಬೆಣೆಗೆ ಬಡಿದಿತ್ತು. ಬೆಲ್ಟುಗಳು ಸ್ವಲ್ಪ ಸಡಿಲಾಗಿದ್ದವು, ಆದರೆ ಒಂದೂ ಕಳಚಿರಲಿಲ್ಲ. ಕಾರನ್ನು ಹಿಡಿದು ನಿಲ್ಲಿಸಿದ್ದು ಇವರು ಕಟ್ಟಿದ ಆ ಬೆಲ್ಟುಗಳೇ.

"ರೀ!" ಎಂದು ಕಿರುಚಿದೆ. "ಬನ್ರೀ ಇಲ್ಲಿ! ನಿಮ್ಮಮ್ಮ ಮಾಡಿದ್ದು ನೋಡ್ಬನ್ನಿ!"

ಇವರಿಗಿಂತ ಮೊದಲು ಅತ್ತೆಯೇ ಬಂದರು. ಬಾಗಿಲಲ್ಲಿ ನಿಂತು ಮೂಗು ಅರಳಿಸಿ, "ಒಡೀತಾ?" ಅಂದರು. ಮುಖದ ತುಂಬ ಸಂತೋಷ.

"ಒಡೀತು! ಒಳಗೆಲ್ಲ ಪಾನಕ ಆಗಿದೆ!"

"ಒಡೀಲಿ ಅಂತನೇ ಅಲ್ದಾ ಇಟ್ಟಿದ್ದು. ಲಾರಿಗೆ ಒಂದು ಸಾಕಾ? ಈ ಕಾರೂ ಹೊರಟಿದ್ದೇ ಅಲ್ದಾ? ನನ್ನ ಮಗನ ಕೈಯಲ್ಲಿ ಹೋಗೂದು, ಎಂತದೂ ಆಗ್ಬಾರ್ದು ಅಂತ ಇಟ್ಟೆ" ಅಂದರು. ಆಮೇಲೆ ನನ್ನ ಮುಖ ನೋಡಿದರು. ಅವರ ಸಂತೋಷ ಕುಂದಿತು. "ಎಂತಾಯ್ತೆ? ಇಡಬಾರ್ದಿತ್ತಾ?"

ನನಗೆ ಬಂದ ಸಿಟ್ಟಿಗೆ ಏನು ಹೇಳುತ್ತಿದ್ದೆನೋ, ಅಷ್ಟರಲ್ಲಿ ಇವರು ಬಂದರು. ಅವರಿಗೂ ವಾಸನೆ ಬಂದಿರಬೇಕು. ಒಳಗೆ ಹತ್ತಿ, ನಾನು ಮಲಗಿದ್ದ ಜಾಗದಲ್ಲಿ ಮಲಗಿ ನೋಡಿದರು. ಬೆರಳು ಹಾಕಿ ಒಂದು ಹಣ್ಣಿನ ಸಿಪ್ಪೆ ಎಳೆದು ತೆಗೆದರು. ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿದರು. ಬೆಲ್ಟನ್ನು ಮೀಟಿದರು. ಎದ್ದು ಆ ಬದಿಗೆ ಹೋಗಿ ಅದನ್ನೂ ಮೀಟಿದರು. ತುಂಬ ಹೊತ್ತು ಅಲ್ಲೇ ಕೂತಿದ್ದರು. ನಾನು ಹೊರಗೆ ನಿಂತು ಸೆರಗಿನ ಅಂಚು ಕಚ್ಚುತ್ತಿದ್ದೆ. ಒಂದು ಮಾತಾಡಿ ಪುಣ್ಯಾತ್ಮ, ಬೈಯಿರಿ, ನಗಿ, ಏನಾದರೂ ಮಾಡಿ ಅನ್ನಿಸುತ್ತಿತ್ತು.

ಕಡೆಗೆ "ಸುತ್ತಿಗೆ ಕೊಡು" ಅಂದರು.

ಓಡಿ ಹೋಗಿ ತಂದುಕೊಟ್ಟೆ. ಮೊಳೆ ಕಿತ್ತರು, ಸಿಪ್ಪೆಗಳನ್ನೆಲ್ಲ ಆರಿಸಿ ತೆಗೆದರು, ನನ್ನ ಹತ್ತಿರ ಬಟ್ಟೆ ಕೇಳಿ ರಸ ಒರೆಸಿದರು. ಬೆಣೆಗಳನ್ನು ಈ ಸಲ ಟೈರಿಗೇ ಒತ್ತಿ ಕೂರಿಸಿ ಮೊಳೆ ಹೊಡೆದರು. ಬೆಲ್ಟು ಎಳೆದರು. ಒಂದೇ ಸಲ ಎಳೆದರು, ಬಿಚ್ಚಲಿಲ್ಲ, ಮತ್ತೆ ಕಟ್ಟಲಿಲ್ಲ. ಅಂಗೈಯಿಂದ ಟೈರಿಗೆ ಒಂದು ಏಟು ಕೊಟ್ಟು ಇಳಿದು ಬಂದರು.

ಅತ್ತೆ ಟ್ರೈಲರಿನ ನೆರಳಿನಲ್ಲಿ ಚೀಲ ಹಿಡಿದು, ಸಣ್ಣವರಾಗಿ ನಿಂತಿದ್ದರು. "ತಪ್ಪಾಯ್ತಾ ಅಪ್ಪಿ?" ಅಂದರು.

"ಇಲ್ಲಮ್ಮ. ಒಡೆದಿದ್ದು ಒಳ್ಳೇದೇ ಆಯ್ತು" ಅಂದರು ಇವರು. "ಹತ್ತು, ಹೊತ್ತಾಯ್ತು."

ಆ ಮಾತು ಕೇಳಿ ಬೈಗುಳವೆಲ್ಲ ನನ್ನ ಬಾಯಲ್ಲೇ ಉಳಿಯಿತು. ಹತ್ತುವಾಗ ಅತ್ತೆಯ ಸೊಂಟ ಹಿಡಿದು ಎತ್ತಿದೆ. ಅವರು ನನ್ನ ಕೈ ಹಿಸುಕಿ, "ಉಳಿದಿದ್ದು ಉಪ್ಪಿನಕಾಯಿಗೆ ಆಗ್ತದೆ ಅಲ್ದಾ" ಎಂದು ಮೆಲ್ಲಗೆ ಕೇಳಿದರು.

ಹೊಸನಗರದಲ್ಲಿ ಅತ್ತೆಯನ್ನು ಮನೆಗೆ ಇಳಿಸಿ, ಮಜ್ಜಿಗೆ ಕುಡಿದು ಸಾಗರದ ದಾರಿ ಹಿಡಿದೆವು. ನಾನು ಕಾಯುತ್ತಿದ್ದೆ, ಈಗ ನಿಲ್ಲಿಸುತ್ತಾರೆ, ಈಗ ಇಳಿಯುತ್ತಾರೆ ಎಂದು. ಇವರು ನಿಲ್ಲಿಸಲಿಲ್ಲ. ತಿರುವು ಬಂತು, ಮೋರಿ ಬಂತು, ಹಂಪುಗಳ ಮೇಲೆ ಹಂಪು ಬಂದವು. ನಿಧಾನ ಮಾಡಿ ದಾಟಿಸಿ ಮುಂದೆ ಹೋಗುತ್ತಿದ್ದರು. ಕನ್ನಡಿ ನೋಡುವುದೂ ಕಡಿಮೆಯಾಗಿತ್ತು. ನನಗೆ ಮಾತ್ರ ಪ್ರಾಣ ಹೋಗುತ್ತಿತ್ತು. ಪ್ರತಿ ಗುಂಡಿಗೂ ಹಿಂದೆ ಏನೋ ಕಟ್ ಅಂದ ಹಾಗೆ, ಏನೋ ಉರುಳಿದ ಹಾಗೆ ಕೇಳಿಸುತ್ತಿತ್ತು. ಇನ್ನೊಂದು ಸಲ ದಡ್ ಎಂದರೆ ಅದಕ್ಕೆ ದೂರಲು ನಿಂಬೆಹಣ್ಣೂ ಇಲ್ಲವಲ್ಲ ಎಂಬ ಯೋಚನೆ ನನಗೆ ಬಂದು ಕೂತಿತ್ತು.

"ಒಂದ್ಸಲ ನಿಲ್ಸಿ. ನೋಡ್ಬರಾಣ" ಅಂದೆ.

"ಕೂತ್ಕೊ."

"ಸದ್ದು ಬಂತು ಅಂತ ಹೇಳ್ತಿದೀನಿ."

"ನಿನ್ನ ಕಾಲಿಂದು ಸದ್ದು. ತುಳಿಯೂದು ನಿಲ್ಸು" ಅಂದರು. ಕೆಳಗೆ ನೋಡಿದರೆ ನನ್ನ ಚಪ್ಪಲಿ ಲಾರಿಯ ತಗಡಿಗೆ ಬಡಿಯುತ್ತಿತ್ತು.

ಸಾಗರ ಮುಟ್ಟುವಾಗ ಬಿಸಿಲು ಇನ್ನೂ ಇತ್ತು. ಯುವಕ ಮನೆಯ ಗೇಟಿನಲ್ಲೇ ನಿಂತಿದ್ದ. ಅಂಗಳದಲ್ಲಿ ಮಣ್ಣು ಪೇರಿಸಿ, ಮೇಲೆ ಹಲಗೆ ಹಾಸಿ, ಕಾರು ಇಳಿಸಲು ಎತ್ತರದ ಜಾಗ ಮಾಡಿಸಿದ್ದ. ಟ್ರೈಲರನ್ನು ಅದಕ್ಕೆ ಆನಿಸಿ ನಿಲ್ಲಿಸಿದರು. ಯುವಕ ಬಾಗಿಲು ತೆಗೆದವನೇ ಕಾರನ್ನು ಮುಂದೆ ಹಿಂದೆ ಸವರಿ, ಬೆಳಕು ಬಿಟ್ಟು ನೋಡಿ, ನಿಟ್ಟುಸಿರು ಬಿಟ್ಟ. ಮೂಸಿ ನೋಡಿ, "ಎಂತದೋ ನಿಂಬೆಹಣ್ಣಿನ ವಾಸನೆ ಅಲ್ವಾ ಅಕ್ಕ?" ಅಂದ. ನಾನು ಕೆಮ್ಮಿದೆ.

ಅವನಿಗೆ ತಡೆಯಲಾಗಲಿಲ್ಲ, ತಾನೇ ಬಗ್ಗಿ ಬೆಲ್ಟು ಬಿಚ್ಚಲು ಹೊರಟ. ಹಿಡಿ ಅಲುಗಲಿಲ್ಲ. ಎರಡೂ ಕೈ ಹಾಕಿದ, ಕಾಲು ಗೋಡೆಗೆ ಕೊಟ್ಟು ಎಳೆದ. ಬೆಲ್ಟು ಕಬ್ಬಿಣದ ಪಟ್ಟಿಯ ಹಾಗೆ ಕೂತಿತ್ತು. ಮುಖ ಕೆಂಪಾಗಿ ತಿರುಗಿ, "ಅಬ್ಬಾ! ಯಾರಣ್ಣ ಇದನ್ನ ಹಿಂಗೆ ಕಟ್ಟಿದ್ದು?" ಅಂದ.

ಆ ಪ್ರಶ್ನೆಯ ಉತ್ತರ ನನಗೆ ಗೊತ್ತಿತ್ತು, ಎರಡು ವರ್ಷದಿಂದ ಕೇಳಿ ಕೇಳಿ ಸಾಕಾಗಿದ್ದ ಉತ್ತರ. ಅದನ್ನು ಇವರು ಮತ್ತೆ ನೆಲ ನೋಡಿಕೊಂಡು ಹೇಳುವುದನ್ನು ನಾನು ಕೇಳಲಾರೆ ಎನಿಸಿತು. ಏನಾದರೂ ಬೇರೆ ಹೇಳಿ ತಪ್ಪಿಸೋಣವೆಂದು ಬಾಯಿ ತೆರೆದೆ.

ಇವರು ಆಗಲೇ ಹಲಗೆಯ ಮೇಲೆ ನಡೆದು ಒಳಗೆ ಹೋಗುತ್ತಿದ್ದರು, ತೋಳು ಮಡಚಿಕೊಳ್ಳುತ್ತ.

"ಸರೀರಿ, ನಾ ಬಿಚ್ಚಿ ಕೊಡ್ತೀನಿ" ಅಂದರು. "ಕಟ್ಟಿದ್ದು ನಾನು."

ನಾನು ಲಾರಿಯ ಆಚೆ ಬದಿಗೆ ಹೋಗಿ, ಯಾರಿಗೂ ಕಾಣದ ಹಾಗೆ ನಿಂತು, ಚೆನ್ನಾಗಿ ಅತ್ತುಬಿಟ್ಟೆ. ಹಿಂದೆ ಟ್ರೈಲರಿನಲ್ಲಿ ಬೆಲ್ಟು ಒಂದೊಂದಾಗಿ ಬಿಚ್ಚುವ ಸದ್ದು ಕೇಳಿಸುತ್ತಿತ್ತು.